ಬಿಳಿ ಗೆರೆಯ ಮೇಲೆ ಬರಿಗಾಲು

ಮೇಸ್ತ್ರಿ ರಸ್ತೆಗಳಿಗೆ ಬಿಳಿ ಗೆರೆ ಬಳಿಸುವ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಸವೆಸಿದವನು. ಹೊಟ್ಟೆ ಕರಗಲೆಂದು ಮೂರು ವರ್ಷದಿಂದ ಬೆಳಗ್ಗೆ ಓಡುತ್ತಿದ್ದ. ಹೊಟ್ಟೆ ಇದ್ದಲ್ಲೇ ಇತ್ತು, ಮಂಡಿ ಮಾತ್ರ ಹಾಳಾಯಿತು. ಹೀಗಿರುವಾಗ ಒಂದು ದಿನ ತಲೆಯೆಲ್ಲ ನರೆತ ಹೆಂಗಸೊಬ್ಬಳು, ಕಾಲಿಗೆ ಏನೂ ಹಾಕಿಕೊಳ್ಳದೆ, ಅವನನ್ನು ಹಿಂದೆ ಹಾಕಿ ಹೋದಳು. ಹೋಗುವಾಗ "ಏನ್ರೀ, ಆರಾಮಾ?" ಎಂದು ಬೇರೆ ಕೇಳಿದಳು. ಉತ್ತರ ಕೊಡಲು ಇವನಲ್ಲಿ ಉಸಿರಿರಲಿಲ್ಲ.

ಅಂದಿನಿಂದ ಅದೇ ಹುಚ್ಚು ಹಿಡಿಯಿತು. ಊಟಕ್ಕೆ ಕೂತರೂ ಮೊಬೈಲಿನಲ್ಲಿ ಬರಿಗಾಲ ಓಟದ ವಿಷಯವನ್ನೇ ಓದುತ್ತಿದ್ದ. ನೆಲ ನಿಮ್ಮ ಪಾದವನ್ನು ಪ್ರೀತಿಯಿಂದ ಹಿಡಿದುಕೊಳ್ಳುತ್ತದೆ ಎಂದು ಯಾರೋ ಪುಣ್ಯಾತ್ಮ ಬರೆದಿದ್ದ.

"ಬರಿಗಾಲಲ್ಲಿ ಓಡಿದ್ರೆ ಮಂಡಿನೋವು ಹೋಗುತ್ತಂತೆ ಕಣೇ," ಎಂದ ಹೆಂಡತಿಗೆ.

"ಬಚ್ಚಲಿಗೂ ಚಪ್ಪಲಿ ಹಾಕ್ಕೊಂಡು ಹೋಗೋರು ನೀವು," ಎಂದಳು ಅವಳು, ಹೊಲಿಗೆ ಯಂತ್ರದಿಂದ ತಲೆಯೆತ್ತದೆ.

"ಪಾದಕ್ಕೂ ನೆಲಕ್ಕೂ ಪರಿಚಯ ಆಗ್ಬೇಕಂತೆ."

"ಮಾಡಿಸಿ, ಮಾಡಿಸಿ. ನಲವತ್ತೇಳು ವರ್ಷ ಆಯ್ತು, ಇನ್ನೂ ಮಾತಾಡ್ಸಿಲ್ಲ ಅಂದ್ರೆ ನಾಚಿಕೆಗೇಡು."

ಎಲ್ಲಿ ಓಡುವುದು? ಊರಿನ ಡಾಂಬರೆಲ್ಲ ಜಲ್ಲಿ ಎದ್ದು ಹಲ್ಲು ಕಿರಿಯುತ್ತಿತ್ತು. ಹೊಸದಾಗಿ ಬಳಿದ ಗೆರೆಯಷ್ಟು ನುಣುಪಾದ ಜಾಗ ಇನ್ನೊಂದಿಲ್ಲ ಎಂದು ಮೇಸ್ತ್ರಿಗೆ ಹೊಳೆಯಿತು. ಇದು ಬೇರೆ ಯಾರಿಗೂ ಹೊಳೆಯದ ವಿಚಾರ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ. ಈಗ ಈ ಕಥೆ ಹೇಳುವಾಗ ಇಲ್ಲಿಗೆ ಬಂದರೆ ಹಣೆ ಹಣೆ ಚಚ್ಚಿಕೊಳ್ಳುತ್ತಾನೆ.

ಆಸ್ಪತ್ರೆ ರಸ್ತೆಗೆ ಅವನದೇ ತಂಡ ಬೆಳಗಿನ ಜಾವ ಗೆರೆ ಹಾಕುವುದಿತ್ತು. ಇವನು ಒಂಬತ್ತಕ್ಕೆ ಎಂಜಿನಿಯರ್ ಜೊತೆ ಹೋಗಿ ಕೆಲಸ ನೋಡಿದರೆ ಸಾಕು. ಬಣ್ಣ ಒಣಗುವವರೆಗೆ ಕೋನುಗಳನ್ನಿಟ್ಟು ಕಾಯುವುದು ಕಾವಲಿನಕ್ಕನ ಕೆಲಸ. ಮೂರು ವರ್ಷ ಅಲ್ಲಿ ಇಲ್ಲಿ ಅಲೆದು ಅವಳಿಗೆ ಸಿಕ್ಕ ಕೆಲಸ ಅದು. ಅವಳ ಮನೆ ನಡೆಯುತ್ತಿದ್ದುದೇ ಅದರಿಂದ. ಹೋದ ತಿಂಗಳು ಅವಳ ಕಣ್ಣು ತಪ್ಪಿಸಿ ನಾಯಿಯೊಂದು ಹಸಿ ಗೆರೆ ದಾಟಿತ್ತು. ಮೇಸ್ತ್ರಿ ಊರೇ ಮುಳುಗಿದಂತೆ ಕೂಗಾಡಿ, ಮರುದಿನ ತಾನೇ ಒಂದು ನಿಯಮ ಬರೆದು ಆಫೀಸಿನ ಗೋಡೆಗೆ ಅಂಟಿಸಿದ್ದ: ಯಾರ ಕಾವಲಿನಲ್ಲಿ ಎರಡು ಸಲ ಗೆರೆ ಕೆಡುತ್ತದೋ ಅವರು ತಂಡದಿಂದ ಹೊರಗೆ. ಅಕ್ಷರ ಚೆನ್ನಾಗಿ ಬಂದಿದೆ ಎಂಬ ಖುಷಿಯಲ್ಲಿ ಅದನ್ನು ಎರಡು ಸಲ ಗಟ್ಟಿಯಾಗಿ ಓದಿಯೂ ಇದ್ದ. ಕಾವಲಿನಕ್ಕ ಕೈಕಟ್ಟಿ ಎರಡು ಸಲವೂ ಕೇಳಿಸಿಕೊಂಡಿದ್ದಳು.

ಆ ದಿನ ಬೆಳಗ್ಗೆ, ಇನ್ನೂ ಸರಿಯಾಗಿ ಬೆಳಕಾಗುವ ಮುಂಚೆ, ಮೇಸ್ತ್ರಿ ಆಸ್ಪತ್ರೆ ರಸ್ತೆಯ ತುದಿಗೆ ಬಂದ. ಬೂಟನ್ನು ಗಿಡದ ಬುಡದಲ್ಲಿ ಇಟ್ಟ. ಬಗ್ಗಿ ಬೆರಳಿನ ಹಿಂಬದಿಯಿಂದ ಗೆರೆ ಮುಟ್ಟಿ ನೋಡಿದ. ಒಣಗಿತ್ತು. ಕೆಲಸ ಬಲ್ಲವನು ನೋಡಿ! ಮುಂದೆ ಕೋನುಗಳು ಕಂಡವು. ಅವು ಊರವರಿಗೆ, ತನಗಲ್ಲ ಎಂದುಕೊಂಡು ಓಡಿದ.

ಮೊದಲ ನೂರು ಹೆಜ್ಜೆ ಸ್ವರ್ಗ. ಆಮೇಲೆ ಅಂಗಾಲು ಹೆಜ್ಜೆಹೆಜ್ಜೆಗೂ ನೆಲಕ್ಕೆ ಅಂಟಿ ಅಂಟಿ ಬಿಡತೊಡಗಿತು. ಆಹಾ, ಇದೇ ಅದು, ನೆಲ ಪ್ರೀತಿಯಿಂದ ಹಿಡಿದುಕೊಳ್ಳುತ್ತಿದೆ ಎಂದು ಅವನ ಮೈ ಜುಮ್ಮೆಂದಿತು. ದೂರದಲ್ಲಿ ಕಾವಲಿನಕ್ಕ ಎರಡೂ ಕೈಬೀಸಿ ಏನೋ ಕೂಗಿದಳು. ಹುರಿದುಂಬಿಸುತ್ತಿದ್ದಾಳೆ, ಪಾಪ, ಎಂದು ಇವನೂ ಕೈಬೀಸಿದ. ಅಡ್ಡರಸ್ತೆಗೆ ತಿರುಗಿ, ಒಂದು ಸುತ್ತು ಹಾಕಿ, ಬೂಟನ್ನು ಕೈಯಲ್ಲಿ ಹಿಡಿದು, ಗೆದ್ದವನ ಹಾಗೆ ಮನೆಗೆ ಬಂದ.

"ರೀ, ಅಲ್ಲೇ ನಿಲ್ಲಿ!" ಹೆಂಡತಿ ಬಾಗಿಲಲ್ಲೇ ಚೀರಿದಳು. "ಅಂಗಾಲು ನೋಡ್ಕೊಳ್ಳಿ!"

ಅಂಗಾಲು ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಗೆರೆ ಬಳಿಯುವ ಗಾಡಿ ಇವನು ಓಟ ಶುರು ಮಾಡಿದ ತುದಿಯಿಂದಲೇ ಹೊರಟಿತ್ತು. ಇವನು ಅದು ಹೋದ ದಿಕ್ಕಿನಲ್ಲೇ ಓಡಿದ್ದ. ಅಂದರೆ ಒಣಗಿದ್ದನ್ನು ಮುಟ್ಟಿ ನೋಡಿ, ಹಸಿಯ ಕಡೆಗೆ ಓಡಿದ್ದ. ಹೊಸದಾಗಿ ಕೆಲಸಕ್ಕೆ ಸೇರಿದವನೂ ಮಾಡದ ತಪ್ಪು! "ಅಯ್ಯೋ ದಡ್ಡ ಶಿಖಾಮಣಿ," ಎಂದು ತನ್ನನ್ನೇ ಬೈದುಕೊಂಡ. ಎಷ್ಟು ತಿಕ್ಕಿದರೂ ಬಣ್ಣ ಹೋಗಲಿಲ್ಲ. ಅದು ಹಾಗೆಲ್ಲ ಹೋಗುವ ಬಣ್ಣವಲ್ಲ ಎಂದು ಅವನೇ ಎಷ್ಟೋ ಜನಕ್ಕೆ ಹೆಮ್ಮೆಯಿಂದ ಹೇಳಿದ್ದ. ಕೊನೆಗೆ ಕಾಲುಚೀಲ ಎಳೆದು, ಬೂಟು ಬಿಗಿದು ಹೊರಟ.

ಒಂಬತ್ತಕ್ಕೆ ಆಸ್ಪತ್ರೆ ರಸ್ತೆಯಲ್ಲಿ ಎಂಜಿನಿಯರ್ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. ಗೆರೆಯ ಮೇಲೆ ಮೊದಲು ಏನಿಲ್ಲ. ಆಮೇಲೆ ಬೆರಳಿನ ತುದಿ, ಆಮೇಲೆ ಅರ್ಧ ಪಾದ, ಆಮೇಲೆ ಇಡೀ ಪಾದ. ಹೆಬ್ಬೆರಳಿನ ಗೀರುಗಳೂ ಅಚ್ಚಾಗಿದ್ದವು.

"ಯಾರ್ರೀ ಇದು?" ಎಂದ ಎಂಜಿನಿಯರ್.

"ಯಾವನೋ ತಲೆಕೆಟ್ಟವನು ಸಾರ್," ಎಂದ ಮೇಸ್ತ್ರಿ. ಅಷ್ಟಾದರೂ ನಿಜ ಹೇಳಿದ್ದ.

ಎಂಜಿನಿಯರ್ ಕಾವಲಿನಕ್ಕನ ಕಡೆ ತಿರುಗಿದ. "ನೀವೇನು ಮಾಡ್ತಿದ್ರಿ?"

"ಯಾರೋ ಓಡಿ ಬಂದ್ರು ಸಾರ್. ಕೂಗಿದೆ, ನಿಲ್ಲಲಿಲ್ಲ." ಅವಳು ಮೇಸ್ತ್ರಿಯ ಕಡೆ ನೋಡಲಿಲ್ಲ. ಕತ್ತಲಲ್ಲಿ ಗುರುತು ಸಿಕ್ಕಿತ್ತೋ ಇಲ್ಲವೋ, ಅವನಿಗೆ ತಿಳಿಯಲಿಲ್ಲ.

"ಇದು ಎರಡನೇ ಸಲ. ಗೋಡೆ ಮೇಲೆ ನಿಯಮ ಇದೆ." ಎಂಜಿನಿಯರ್ ಹಾಜರಿ ಪುಸ್ತಕವನ್ನು ಮೇಸ್ತ್ರಿಯ ಕೈಗಿಟ್ಟ. "ಹೆಸರು ಹೊಡೆದುಹಾಕಿ."

ಮೇಸ್ತ್ರಿ ಪೆನ್ನು ತೆಗೆದ. ಸುಮ್ಮನಿದ್ದರೆ ಆಯಿತು. ಮೇಸ್ತ್ರಿಗಿರಿಯೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ, ತಂಡದವರ ಎದುರು ನಗೆಪಾಟಲಾಗುವುದೂ ತಪ್ಪುತ್ತದೆ. ಕಾವಲಿನಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು. ಮನಸ್ಸಿನಲ್ಲೇ ತನಗೆ ಎರಡು ಬಾರಿಸಿಕೊಂಡ. ಪುಸ್ತಕವನ್ನು ಕೆಳಗಿಟ್ಟು, ರಸ್ತೆ ಮಧ್ಯದಲ್ಲೇ ಕೂತು ಬೂಟು, ಕಾಲುಚೀಲ ಬಿಚ್ಚಿದ. ಎದ್ದು ಹೋಗಿ ಬಿಳಿಯ ಪಾದವನ್ನು ಅಚ್ಚಿನ ಮೇಲೆ ಊರಿದ. ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ.

ಗಾಡಿ ನಡೆಸುವವನು ಬಾಯಿಗೆ ಟವೆಲ್ ತುರುಕಿಕೊಂಡು ಆಚೆ ಹೋದ. ಉಳಿದವರಿಗೆ ಟವೆಲ್ ಇರಲಿಲ್ಲ, ಅಲ್ಲೇ ನಕ್ಕರು.

ಎಂಜಿನಿಯರ್ ಮಾತ್ರ ನಗಲಿಲ್ಲ. ಒಂದು ತಿಂಗಳು ಮೇಸ್ತ್ರಿಗಿರಿ ಇಲ್ಲ, ಎಲ್ಲಾ ಹೆಜ್ಜೆಗಳನ್ನೂ ನೀವೇ ಕೂತು ಉಜ್ಜಿ ಎಂದು ಹೇಳಿ ಜೀಪು ಹತ್ತಿದ. ಮೇಸ್ತ್ರಿ ತಂತಿ ಬ್ರಷ್ ಹಿಡಿದು ಮಂಡಿಯೂರಿದ. ಎಂಟನೇ ಹೆಜ್ಜೆ ಮುಗಿಯುವ ಹೊತ್ತಿಗೆ ಕಾವಲಿನಕ್ಕ ಬಂದು ಅವನ ಸುತ್ತ ಕೋನು ಇಡತೊಡಗಿದಳು.

"ನಾನೇ ಅಂತ ಗೊತ್ತಾಗಿತ್ತಾ?" ಎಂದು ಕೇಳಿದ.

"ಅಷ್ಟು ನಿಧಾನಕ್ಕೆ ಓಡೋರು ಇನ್ಯಾರಿದ್ದಾರೆ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಸುಳ್ಳು ಅಂತಿದ್ರಿ. ಆಮೇಲೆ ನನ್ನ ಮಾತು ಯಾರು ಕೇಳ್ತಿದ್ರು?"

ಅವನು ಉಜ್ಜುವುದನ್ನು ನಿಲ್ಲಿಸಿದ. ಹಾಗೆಲ್ಲ ಅನ್ನುವವನಲ್ಲ ನಾನು ಎಂದು ಬಾಯಿಗೆ ಬಂತು. ಆದರೆ ಅವಳು ಬೆರಳು ತೋರಿಸಿದ್ದರೆ, ಬೂಟಿನ ಲೇಸು ಬಿಗಿದುಕೊಂಡು ನಿಂತಿದ್ದ ತಾನು ಏನು ಹೇಳುತ್ತಿದ್ದೆ ಎಂದು ಅವನಿಗೆ ಗೊತ್ತಿತ್ತು.

"ಅಂತಿದ್ದೆ," ಎಂದ.

"ಗೊತ್ತು," ಎಂದಳು ಅವಳು, ಇನ್ನೊಂದು ಕೋನು ಇಟ್ಟು.