ಪರಂಗಿಕಾಯಿಯ ಪಟ್ಟಿ

೧೯೯೭ರಲ್ಲಿ ಹರಪನಹಳ್ಳಿಯ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳು ಬಿದ್ದು ಕೂಲಿ ಮಾಡುತ್ತಿದ್ದ ದ್ಯಾಮಕ್ಕನ ಕಾಲು ಸುಟ್ಟಿತು. ಎರಡು ವಾರವಾದರೂ ಗಾಯದ ಮೇಲಿನ ಸತ್ತ ಮಾಂಸ ಬಿಡಲಿಲ್ಲ. ಆಸ್ಪತ್ರೆಯ ನರ್ಸ್ ಸುಕನ್ಯಾ ಡಾಕ್ಟರ ಒಪ್ಪಿಗೆ ಪಡೆದು, ಹಸಿ ಪರಂಗಿಕಾಯಿ ಅರೆದು ಪಟ್ಟಿ ಕಟ್ಟಲು ಬಂದಳು.

ದ್ಯಾಮಕ್ಕ ಹೆದರಿ ಕಾಲೆಳೆದುಕೊಂಡಳು. "ಮಾಂಸ ಮೆತ್ತಗಾಗ್ಲಿ ಅಂತ ಸಾರಿಗೆ ಹಾಕೋ ಕಾಯಿ ಇದು. ನನ್ನ ಕಾಲೂ ಕರಗಿಬಿಟ್ರ ಹೆಂಗ್ರಿ?"

"ಸತ್ತ ಮಾಂಸ ಅಷ್ಟ ಕರಗ್ತೈತಿ," ಎಂದಳು ಸುಕನ್ಯಾ. "ಕಾಯಿಯ ಹಾಲಿನಾಗ ಪ್ರೋಟೀನ್ ಕತ್ತರಿಸೋ ಕಿಣ್ವ ಐತಿ. ಆ ಕಿಣ್ವಾನ ತಡಿಯೋ ಇನ್ನೊಂದು ಪ್ರೋಟೀನು ನಿಮ್ಮ ರಕ್ತದಾಗ ಐತಿ. ರಕ್ತ ಹರಿಯೋ ಕಡೆ ಅದರ ಆಟ ನಡಿಯಂಗಿಲ್ಲ."

ದಿನವೂ ಪಟ್ಟಿ ಬದಲಾಯಿತು. ಹತ್ತನೇ ದಿನ ಕರಿಯ ಪದರ ಕಳಚಿ, ಕೆಳಗೆ ಕೆಂಪನೆಯ ಹೊಸ ಮಾಂಸ ಕಂಡಿತು. ಡಾಕ್ಟರು ಉಳಿದ ನರ್ಸ್‌ಗಳನ್ನು ಕರೆದು, "ಹೆಂಗಾತು ಅಂತ ಇವರಿಗೆ ಹೇಳಮ್ಮ," ಎಂದರು.

ಸುಕನ್ಯಾ ಬಾಯಿ ತೆರೆಯುವ ಮೊದಲೇ ದ್ಯಾಮಕ್ಕ ಎದ್ದು ಕೂತಳು. "ನಾ ಹೇಳ್ತೀನಿ, ತಡೀರಿ."

ಶಾಲೆಯ ಮುಖ ನೋಡದ ಅವಳು ಕಿಣ್ವದ ಕೆಲಸವನ್ನೂ, ಅದನ್ನು ತಡೆದ ಪ್ರೋಟೀನನ್ನೂ ಒಂದೂ ತಪ್ಪಿಲ್ಲದೆ ವಿವರಿಸಿದಳು. ಸುಕನ್ಯಾಳ ಮುಖ ಅರಳಿತು. ದ್ಯಾಮಕ್ಕ ಎಲ್ಲರಿಗೂ ಕಾಣುವಂತೆ ಕಾಲು ಚಾಚಿ, "ನಮ್ಮ ಮೈಯಾಗ ಇಷ್ಟೆಲ್ಲಾ ಐತಿ ನೋಡ್ರಿ. ನಾವೇನು ಕಮ್ಮಿ ಅಲ್ಲ," ಎಂದಳು.