ಅಪ್ಪನ ಬಲಗಿವಿ

ನಮ್ಮ ಮನೆಯವರಿಗೆ ಮೆಲ್ಲಗೆ ಮಾತಾಡೋಕೆ ಬರೋದಿಲ್ಲ. ಬಟ್ಟೆ ಗಿರಣಿಯಲ್ಲಿ, ಮಗ್ಗಗಳ ಗದ್ದಲದಲ್ಲಿ ದುಡಿದು ದುಡಿದು ಅಪ್ಪನ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರೆಬರೆ. ಹಾಗಾಗಿ ನಾವೆಲ್ಲ ಅವನ ಬಲಕ್ಕೆ ಕೂತು ಕಿರುಚಿಕೊಂಡೇ ಬೆಳೆದವರು. ಉಪ್ಪು ಕೇಳಿದರೂ ಪಕ್ಕದ ಮನೆಯವರು ಜಗಳ ಅಂದುಕೊಂಡು ಕಿಟಕಿ ತೆಗೆಯೋರು.

ಅಪ್ಪ ಹೋದ ಮೇಲೆ ಅಮ್ಮ ಮಾತೇ ನಿಲ್ಲಿಸಿಬಿಟ್ಟಳು. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೆ, ಅದೂ ತುಟಿಯೊಳಗೆ. ಅವನ ಹಿಂದೆ ಇವಳೂ ಹೊರಟುಬಿಡ್ತಾಳೇನೋ ಅಂತ ನನಗೆ ಭಯ. ಅದಕ್ಕೇ ಒಂದು ಕೂಟ ಇಟ್ಟುಕೊಂಡಿದ್ದು: ಅಳೋದು ಬೇಡ, ಅಪ್ಪ ಬದುಕಿದ ಬದುಕನ್ನ ನೆನೆದು ನಾಲ್ಕು ಜನ ಮಾತಾಡೋಣ, ನಗೋಣ ಅಂತ. ನಿಜ ಹೇಳಬೇಕಂದ್ರೆ ನಾಲ್ಕು ಜನರ ಮಾತು ಯಾರಿಗೆ ಬೇಕಿತ್ತು. ಅಮ್ಮ ಬಾಯಿ ಬಿಡಬೇಕಿತ್ತು.

ಕೂಟದ ಹಿಂದಿನ ದಿನ ಸಂಜೆ, ಬಾಡಿಗೆ ಹಿಡಿದ ಹಾಲ್‌ನಲ್ಲಿ ನನಗೆ ನಿಂತಲ್ಲಿ ನಿಲ್ಲೋಕಾಗಲಿಲ್ಲ. ಕುರ್ಚಿ ಸಾಲು ಹಾಕಿದೆ, ಕೆಡಿಸಿದೆ, ಮತ್ತೆ ಹಾಕಿದೆ. ಅಪ್ಪ ಕೂತಿರೋ ದೊಡ್ಡ ಫೋಟೋ ಗೋಡೆಗೆ ಒರಗಿಸಿ, ಅದರ ಸುತ್ತ ಅರ್ಧಚಂದ್ರ ಮಾಡಿದೆ. ಅದೂ ಹಿಡಿಸಲಿಲ್ಲ.

"ಅಕ್ಕಾ, ಕಾಲಿಗೆ ಚಕ್ರ ಕಟ್ಟಿಕೊಂಡಿದೀಯಾ? ಒಂದು ಕಡೆ ಕೂತ್ಕೋ," ಅಂದ ತಮ್ಮ, ಮೈಕಿನ ವೈರಿನ ಗಂಟು ಬಿಡಿಸುತ್ತಾ.

"ನೀನು ಸುಮ್ನಿರು. ಅಮ್ಮನ ದನಿ ಕಡೇ ಸಾಲಿಗೆ ಕೇಳುತ್ತಾ, ಅದನ್ನ ನೋಡು."

"ಅಮ್ಮ ಮಾತಾಡಿದ್ರೆ ತಾನೇ."

ಅವನ ಮೇಲೆ ಹರಿಹಾಯ್ದೆ. ವಾಚ್‌ಮನ್ ಬಾಗಿಲಲ್ಲಿ ಇಣುಕಿ, "ಜಗಳ ಆಡೋದಿದ್ರೆ ಹೊರಗೆ," ಅಂದ. ಜಗಳ ಅಲ್ಲ, ಮಾತಾಡ್ತಿದೀವಿ ಅಂತ ಇಬ್ಬರೂ ಒಟ್ಟಿಗೇ ಕಿರುಚಿದೆವು.

ಅಮ್ಮ ಮೂಲೆಯಲ್ಲಿ, ಚೀಲ ತೊಡೆ ಮೇಲಿಟ್ಟುಕೊಂಡು ಕೂತಿದ್ದಳು. ಮೈಕ್ ಕೈಗೆ ಕೊಟ್ಟು, "ಒಂದೇ ಒಂದು ಮಾತು ಹೇಳಿ ನೋಡಮ್ಮ," ಅಂದೆ. ಹಿಂದೆ ಮುಂದೆ ತಿರುಗಿಸಿ ನೋಡಿ ಪಕ್ಕದ ಕುರ್ಚಿ ಮೇಲಿಟ್ಟಳು. ಇಷ್ಟೆಲ್ಲ ಮಾಡಿದ್ದು ನೀರಲ್ಲಿ ಹೋಮ ಅನ್ನಿಸಿತು.

ಆಮೇಲೆ ಅವಳೇ ಎದ್ದಳು. ಫೋಟೋ ಕಡೆ ನೋಡಿದಳು, ಕುರ್ಚಿಗಳ ಕಡೆ ನೋಡಿದಳು. "ಬಲಕ್ಕೆ ಹಾಕಿ," ಅಂದಳು, ತುಟಿಯೊಳಗೇ.

ಹೌದಲ್ಲ, ಇಷ್ಟು ಹೊತ್ತು ಯಾಕೆ ಏನೂ ಹಿಡಿಸಿರಲಿಲ್ಲ ಅಂತ ಆಗ ಹೊಳೆಯಿತು. ತಮ್ಮನೂ ನಾನೂ ಕುರ್ಚಿಗಳನ್ನ ದರದರ ಎಳೆದು ನಮ್ಮ ಬಲಗೈ ಕಡೆ ಗುಂಪು ಹಾಕಿದೆವು.

"ಅಯ್ಯೋ ದಡ್ಡ ಮುಂಡೇವಾ! ಅದು ಎಡಗಿವಿ!"

ಹಾಲ್ ಗುಂಯ್ ಅಂದಿತು. ಅಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಎದುರಿಗೆ ನಿಂತ ನಿಮ್ಮ ಬಲ ಅವರಿಗೆ ಎಡ ಅಲ್ವೇನೋ? ಆ ಕಡೆ ಕೂತು ಗಂಟಲು ಹರ್ಕೊಂಡ್ರೂ ನಿಮ್ಮಪ್ಪಂಗೆ ಏನು ಕೇಳುತ್ತೆ?"

ವಾಚ್‌ಮನ್ ಮತ್ತೆ ಇಣುಕಿದ. ಈ ಸಲ ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದ. ಅಮ್ಮ ತನ್ನ ಕುರ್ಚಿಯನ್ನ ಅಪ್ಪನ ಬಲಗಿವಿ ಹತ್ತಿರ ಎಳೆದುಕೊಂಡು, ಮನೆಯಲ್ಲಿ ಕೂರ್ತಿದ್ದ ಹಾಗೇ ಒರಗಿ ಕೂತಳು.

"ರೀ," ಅಂತ ಕೂಗಿದಳು, "ನಾಳೆ ಜನರ ಮುಂದೆ ನಾನು ಮಾತಾಡಬೇಕಂತೆ. ಕೂತ್ಕೊಂಡು ಕೇಳ್ತೀರಾ?"

ಆಮೇಲೆ ಸುಮ್ಮನೆ ಕಾದಳು, ಉತ್ತರ ಕೊಡೋಕೆ ಅವನು ತಗೊಳ್ತಿದ್ದಷ್ಟು ಹೊತ್ತು. ತಮ್ಮ ಮೈಕಿನ ವೈರು ಸುತ್ತಿಡತೊಡಗಿದ. ಆ ಸಂಜೆ ನಾನು ಮೊದಲ ಸಲ ಕೂತೆ, ಅಮ್ಮನ ಪಕ್ಕದಲ್ಲಿ, ಅಪ್ಪನಿಗೆ ಕೇಳೋ ಕಡೆ. ಕೂತು, ಅವನಿಗೆ ಕೇಳೋ ಹಾಗೇ ಜೋರಾಗಿ ಅತ್ತುಬಿಟ್ಟೆ.