ಮೂರು ಚುಕ್ಕೆ

ವಾಚ್ ರಿಪೇರಿಯವನಿಗೆ ಒಂದು ಚಟವಿತ್ತು. ಚಟವೆಂದರೆ ಬೀಡಿ, ಇಸ್ಪೀಟು ಅಲ್ಲ. ಕೆಲಸ ಮುಗಿಸಿದ ಪ್ರತಿ ವಾಚಿನ ಮುಚ್ಚಳದ ಒಳಗೆ ಸೂಜಿಯಿಂದ ಮೂರು ಚುಕ್ಕೆ ಕೊರೆಯುತ್ತಿದ್ದ. ಆ ವಾಚು ಮತ್ತೆ ಕೆಟ್ಟು ಬಂದರೆ, ಗಿರಾಕಿ ಚೀಟಿ ಕಳೆದುಕೊಂಡಿದ್ದರೂ ಚಿಂತೆಯಿಲ್ಲ. ಚುಕ್ಕೆ ಕಂಡರೆ ಸಾಕು, ಬಿಟ್ಟಿ ರಿಪೇರಿ. ನಲವತ್ತು ವರ್ಷದಲ್ಲಿ ಒಮ್ಮೆಯೂ ಈ ಮಾತಿಗೆ ತಪ್ಪಿರಲಿಲ್ಲ.

ಈಗ ಮಾತು ಉಳಿಸಿಕೊಳ್ಳೋಣವೆಂದರೆ ಗಿರಾಕಿಗಳೇ ಇರಲಿಲ್ಲ. ಹೊತ್ತು ನೋಡಲು ಎಲ್ಲರ ಜೇಬಿಗೂ ಫೋನು ಬಂದ ಮೇಲೆ ಅವನು ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತಿದ್ದ. ಮಗಳೂ ಹೀಗೆ ಬಂದು ಕೂರುವಂತಾಗಬಾರದು ಎಂಬುದೊಂದೇ ಅವನ ಹಟ. ಅದಕ್ಕೆಂದೇ ವಾಚಿನ ಬಿಡಿಭಾಗ ಕಡೆಯುವ ತನ್ನ ಪುಟ್ಟ ಲೇಥು ಮಾರಿ ಅವಳಿಗೊಂದು ಕಂಪ್ಯೂಟರ್ ತಂದುಕೊಟ್ಟಿದ್ದ. ಡಾಕ್ಟರುಗಳು ಬಾಯಲ್ಲಿ ಹೇಳಿ ಕಳಿಸಿದ ರಿಪೋರ್ಟುಗಳನ್ನು ಅವಳು ಕೇಳಿಸಿಕೊಂಡು ಟೈಪು ಮಾಡುತ್ತಿದ್ದಳು. ಎಂಟು ತಿಂಗಳಿಂದ ಮನೆ ನಡೆಯುತ್ತಿದ್ದುದು ಅದರಿಂದಲೇ.

ಒಂದು ಮಂಗಳವಾರ ಬೆಳಿಗ್ಗೆ ಗುಂಡಿ ಒತ್ತಿದರೆ ಕಂಪ್ಯೂಟರ್ ಕಮಕ್ ಕಿಮಕ್ ಅನ್ನಲಿಲ್ಲ. ವೈರು ಬದಲಿಸಿದರು, ಬೇರೆ ಪ್ಲಗ್ಗಿಗೆ ಹಾಕಿದರು, ಮಗಳು ಸಿಟ್ಟಿಗೆ ಒಂದು ಏಟೂ ಕೊಟ್ಟಳು. ಎದುರು ಬೀದಿಯ ಮೆಕ್ಯಾನಿಕ್ ಬಂದು ಪವರ್ ಸಪ್ಲೈ ಡಬ್ಬಿಯನ್ನು ಹೊರಗೆಳೆದು, ಹಸಿರು ವೈರಿಗೂ ಕಪ್ಪು ವೈರಿಗೂ ತಂತಿ ಚೂರು ಸೇರಿಸಿ ನೋಡಿದ. ಅದರ ಫ್ಯಾನು ತಿರುಗಲಿಲ್ಲ. ಇದು ಸತ್ತಿದೆ, ಈ ಅಳತೆಯದು ಅಂಗಡಿಗಳಲ್ಲಿ ಸಿಗುವುದಿಲ್ಲ, ಕಂಪನಿಯವರೇ ಕೊಡಬೇಕು, ಹೇಗೂ ವಾರಂಟಿ ಇದೆ, ಡಬ್ಬಿಯ ಸೀಲ್ ಮಾತ್ರ ಮುಟ್ಟಬೇಡಿ, ಮುಟ್ಟಿದರೆ ವಾರಂಟಿ ಹೋಯಿತು ಎಂದು ಹೇಳಿ ಹೋದ. ಮಗಳು ತನಗೆ ರಿಪೋರ್ಟಿನ ಕೆಲಸ ಕೊಡುವ ಆಫೀಸಿಗೆ ಫೋನು ಮಾಡಿದಳು. ಸೋಮವಾರದೊಳಗೆ ಶುರು ಮಾಡದಿದ್ದರೆ ಕೆಲಸ ಬೇರೆಯವರಿಗೆ ಎಂದರು.

ಮುಟ್ಟಬೇಡಿ ಅಂದದ್ದೇ ತಪ್ಪಾಯಿತು. ಮಗಳು ಸ್ನಾನಕ್ಕೆ ಹೋದಾಗ ಅಪ್ಪ ಭೂತಗನ್ನಡಿ ಕಣ್ಣಿಗೇರಿಸಿದ. ನಲವತ್ತು ವರ್ಷ ಗಡಿಯಾರಗಳ ಹೊಟ್ಟೆ ಬಗೆದವನಿಗೆ ಈ ಡಬ್ಬಿ ಯಾವ ಲೆಕ್ಕ? ಸೀಲಿಗೆ ಬಿಸಿ ತೋರಿಸಿ, ಬ್ಲೇಡಿನಿಂದ ಸುಕ್ಕಾಗದಂತೆ ಎಬ್ಬಿಸಿ, ಸ್ಕ್ರೂ ಬಿಚ್ಚಿದ. ಒಳಗೆ ಒಂದು ಕೆಪಾಸಿಟರ್ ತಲೆ ಉಬ್ಬಿಸಿಕೊಂಡು ಕೂತಿತ್ತು. ಅದು ತನ್ನ ವಿದ್ಯೆಯಲ್ಲ ಎಂದು ಅವನಿಗೆ ಅರ್ಥವಾಯಿತು. ಒಳಗಿನದೇನನ್ನೂ ಮುಟ್ಟದೆ ಮುಚ್ಚಿ, ಸೀಲನ್ನು ಮೊದಲಿದ್ದ ಹಾಗೇ ಅಂಟಿಸಿದ. ಬ್ರಹ್ಮ ಬಂದರೂ ಗೊತ್ತಾಗುವಂತಿರಲಿಲ್ಲ.

ಸರ್ವಿಸ್ ಸೆಂಟರಿನಲ್ಲಿ ಎರಡು ಗಂಟೆ ಕಾದ ಮೇಲೆ ಇವರ ಟೋಕನ್ ಬಂತು. ಕೌಂಟರಿನವನು ಬಿಲ್ಲು ನೋಡಿದ, ಸೀಲು ನೋಡಿದ, ಹೊಸ ಡಬ್ಬಿಯೊಂದನ್ನು ತಂದು ಪಕ್ಕಕ್ಕಿಟ್ಟ. ಯಾರಾದರೂ ಬಿಚ್ಚಿದ್ದಾರೆಯೇ ಎಂದು ವಾಡಿಕೆಯಂತೆ ಕೇಳಿದ.

“ನಮ್ಮಪ್ಪ ವಾಚ್ ರಿಪೇರಿ ಮಾಡೋರು,” ಅಂದಳು ಮಗಳು. “ಸೀಲ್ ಅಂದ್ರೆ ಏನು ಅಂತ ಅವರಿಗೆ ಗೊತ್ತು.”

ಅಪ್ಪ ಗೋಡೆಯ ಗಡಿಯಾರ ನೋಡುತ್ತ ನಿಂತ. ನಾಲ್ಕು ನಿಮಿಷ ಹಿಂದಿತ್ತು ಅದು.

ಕೌಂಟರಿನವನು ನಿಯಮದಂತೆ ಸೀಲ್ ಕಿತ್ತು ಮುಚ್ಚಳ ತೆಗೆದ. ಒಳಮೈಯನ್ನು ಬೆಳಕಿಗೆ ಹಿಡಿದ. ಮೂಲೆಯಲ್ಲಿ ಮೂರು ಚುಕ್ಕೆ ಫಳಫಳ ಹೊಳೆಯುತ್ತಿದ್ದವು. ಯಾವಾಗ ಕೊರೆದೆನೆಂದು ಅಪ್ಪನಿಗೇ ನೆನಪಿಲ್ಲ; ಮುಚ್ಚುವಾಗ ಕೈ ತಾನಾಗಿ ಮಾಡಿತ್ತು. ರಿಪೇರಿ ಮಾಡದೆ ಗುರುತು ಹಾಕಿದ್ದು ಜೀವಮಾನದಲ್ಲಿ ಅದೇ ಮೊದಲು. ಮಗಳೂ ನೋಡಿದಳು. ಅಕ್ಷರ ಕಲಿಯುವ ಮೊದಲೇ ಆ ಚುಕ್ಕೆ ಕಲಿತವಳು ಅವಳು.

“ಇದು ಯಾರ ಗುರುತು?” ಎಂದ ಕೌಂಟರಿನವನು. ಮರುಗಳಿಗೆ ತಾನೇ, “ಫ್ಯಾಕ್ಟರೀದಿರ್ಬೇಕು ಬಿಡಿ,” ಎನ್ನುತ್ತ ಹೊಸ ಡಬ್ಬಿಗೆ ಕೈ ಚಾಚಿದ.

“ನಂದು,” ಅಂದ ಅಪ್ಪ.

ಆ ಪ್ರಶ್ನೆಗೆ ನಲವತ್ತು ವರ್ಷದಿಂದ ಅವನು ಕೊಟ್ಟಿದ್ದು ಅದೊಂದೇ ಉತ್ತರ. ಕೈಗಿದ್ದ ಚಟ ಬಾಯಿಗೂ ಇತ್ತು. ಕೌಂಟರಿನವನು ಪಾಪ, ಅವನನ್ನೇ ದಿಟ್ಟಿಸಿದ. ಆಮೇಲೆ ಹೊಸ ಡಬ್ಬಿಯನ್ನು ಒಳಗಿಟ್ಟು ಬಂದು, ಬಿಲ್ಲಿನ ಮೇಲೆ ವಾರಂಟಿ ರದ್ದು ಎಂದು ಮುದ್ರೆ ಒತ್ತಿದ. ದುಡ್ಡು ಕೊಟ್ಟು ಕೊಳ್ಳುವ ಶಕ್ತಿ ಇವರಿಗಿರಲಿಲ್ಲ.

ದಾರಿಯುದ್ದಕ್ಕೂ ಮಗಳು ಸತ್ತ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಎರಡು ಹೆಜ್ಜೆ ಮುಂದೆಯೇ ನಡೆದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಮನೆಗೆ ಬಂದು, ಸೋಮವಾರಕ್ಕೆ ಆಗುವುದಿಲ್ಲವೆಂದು ಆಫೀಸಿಗೆ ಫೋನಿನಲ್ಲಿ ತಿಳಿಸಿದಳು.

“ಅವನು ಬಿಟ್ಬಿಡ್ತಿದ್ದ ಅಪ್ಪ,” ಅಂದಳು.

“ಗೊತ್ತು ಕಣಮ್ಮ.”

“ಮತ್ತೆ?”

ಅವನು ನಾಚಿಕೆಯಿಂದ ಅವಳ ಮುಖ ನೋಡಲಾರದೆ ಭೂತಗನ್ನಡಿ ಒರೆಸುತ್ತ ಕೂತ.

ಸೋಮವಾರ ಅವನು ಅಂಗಡಿ ಬಾಗಿಲು ತೆರೆದಾಗ ಅವಳು ಹಿಂದೆಯೇ ಬಂದಳು. ಗಿರಾಕಿಗಳಿಗೆಂದು ಹೊರಗಿಟ್ಟಿದ್ದ ಸ್ಟೂಲನ್ನು ಒಳಗೆಳೆದಳು.

“ಸ್ವಲ್ಪ ಜರುಗಪ್ಪ,” ಅಂದಳು. “ಇರೋ ನೊಣ ಇನ್ನು ಇಬ್ಬರಿಗೂ ಸಾಕಾಗ್ಬೇಕು.”

ಅವನು ಜರುಗಿ ಜಾಗ ಕೊಟ್ಟ.